ಬುಟ್ಟಿ ಕೈಗೆ ಕೊಟ್ಟರೆ ಸಿಟ್ಟು ಯಾಕೆ? ಯುದ್ಧದ ನಂತರ ಬ್ರಿಟನ್ನಿನ ಅಂಗಡಿಗಳಿಗೆ ಬಂದ ಸೆಲ್ಫ್ ಸರ್ವಿಸ್

ಸುಧಾ_ಲಂಡನ್:
ಎಲ್ಲರಿಗೂ ನಮಸ್ಕಾರ. ನಾನು ದಕ್ಷಿಣ ಲಂಡನ್ನಿನಲ್ಲಿದ್ದೇನೆ. ಪಕ್ಕದ ಮನೆಯಲ್ಲಿ 86 ವರ್ಷದ ಅಜ್ಜಿ ಇದ್ದಾರೆ, ಹುಟ್ಟಿದ್ದೂ ಬೆಳೆದದ್ದೂ ಇದೇ ಬೀದಿಯಲ್ಲಿ. ಮೊನ್ನೆ ಚಹಾ ಕುಡಿಯುತ್ತಾ ಅವರಮ್ಮನ ಕತೆ ಹೇಳಿದರು. 1950ರ ಆಸುಪಾಸು. ಯಾವಾಗಲೂ ಹೋಗುತ್ತಿದ್ದ ದಿನಸಿ ಅಂಗಡಿ ಒಂದು ದಿನ ಸೆಲ್ಫ್ ಸರ್ವಿಸ್ ಆಗಿಬಿಟ್ಟಿತ್ತು. ಬಾಗಿಲಲ್ಲಿ ನಿಂತ ಹುಡುಗ ತಂತಿ ಬುಟ್ಟಿ ಕೈಗೆ ಕೊಟ್ಟ. ಅಮ್ಮ ಅದನ್ನು ನೆಲದ ಮೇಲಿಟ್ಟು, "ನಾನು ಸಾಮಾನು ತಗೊಳ್ಳೋಕೆ ಬಂದವಳು, ಕೆಲಸಕ್ಕೆ ಸೇರೋಕಲ್ಲ" ಅಂದು ಬರಿಗೈಯಲ್ಲಿ ವಾಪಸ್ ಬಂದರಂತೆ.

ಒಂದು ಬುಟ್ಟಿಗೆ ಇಷ್ಟು ಸಿಟ್ಟು ಯಾಕೆ ಬಂತು? ಅಮೆರಿಕದಲ್ಲಿ ಎಷ್ಟೋ ಮೊದಲೇ ಇದ್ದದ್ದು ಇಲ್ಲಿಗೆ ಯುದ್ಧ ಮುಗಿದ ಮೇಲೇ ಯಾಕೆ ಬಂತು? ಬಟ್ಟೆ ಮಾರುವ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲೂ ಹೀಗೇ ಜಗಳ ಆಯಿತಾ? ಗೊತ್ತಿದ್ದವರು ಹೇಳಿ.

ಕಾಫಿಪುಡಿ:
ನಮ್ಮಜ್ಜಿ ಇವತ್ತಿಗೂ ಸೂಪರ್ ಮಾರ್ಕೆಟ್ಟಿಗೆ ಬಂದರೆ "ಇಲ್ಲಿ ಕೊಡೋರು ಯಾರೂ ಇಲ್ವೇನೋ" ಅಂತಾರೆ. 76 ವರ್ಷ ತಡವಾಗಿ ಅದೇ ಸಿಟ್ಟು.

ನಿವೃತ್ತ_ಮೇಷ್ಟ್ರು:
ಸುಧಾ ಅವರೇ, ನಿಮ್ಮ ಅಜ್ಜಿಯ ಅಮ್ಮ ಒಬ್ಬರೇ ಅಲ್ಲ. 1950ರ ಜೂನ್‌ನಲ್ಲಿ ಸೇನ್ಸ್‌ಬರಿ ಅನ್ನುವ ದಿನಸಿ ಅಂಗಡಿ ಸರಣಿಯವರು ಕ್ರಾಯ್ಡನ್ ಅಂಗಡಿಯನ್ನು ಸೆಲ್ಫ್ ಸರ್ವಿಸ್ ಮಾಡಿದರು. ಹಿಂದಿನ ವರ್ಷವಷ್ಟೇ ಆಲನ್ ಸೇನ್ಸ್‌ಬರಿ ಅಮೆರಿಕಕ್ಕೆ ಹೋಗಿ ನೋಡಿಕೊಂಡು ಬಂದಿದ್ದರು. ಗಿರಾಕಿಗಳ ಕೈಗೆ ಬುಟ್ಟಿ ಕೊಡಲು ಅವರೇ ಖುದ್ದು ನಿಂತಾಗ ಒಬ್ಬಾಕೆ ಬುಟ್ಟಿಯನ್ನು ಅವರ ಕಡೆಗೇ ಎಸೆದರು. ಪರ್ಲಿಯಲ್ಲಿ ಒಬ್ಬ ನ್ಯಾಯಾಧೀಶರ ಹೆಂಡತಿ, ಅಂಗಡಿ ಆಳು ಮಾಡಬೇಕಾದ ಕೆಲಸ ನನ್ನ ಕೈಯಲ್ಲಿ ಮಾಡಿಸುತ್ತೀರಾ ಅಂತ ಕೆಟ್ಟದಾಗಿ ಬೈದರು. ಕಂಪನಿಯ ಚರಿತ್ರೆಯಲ್ಲೇ ದಾಖಲಾಗಿರುವ ಮಾತು.

ಮೂಲ ಮಾತ್ರ ಅಮೆರಿಕವೇ. 1916ರ ಸೆಪ್ಟೆಂಬರ್‌ನಲ್ಲಿ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಅಂತ ಅಂಗಡಿ ತೆರೆದ. ಒಳಗೆ ಹೋಗಲು ತಿರುಗುವ ಗೇಟು. ದೇವಸ್ಥಾನದ ಪ್ರದಕ್ಷಿಣೆ ಥರ ಒಂದೇ ದಾರಿ. ಎಲ್ಲ ಕಪಾಟು ದಾಟಿಯೇ ಗಲ್ಲಾ ಹತ್ತಿರ ಬರಬೇಕು. ಆ ವಿನ್ಯಾಸಕ್ಕೆ ಪೇಟೆಂಟ್ ಕೂಡ ತಗೊಂಡ. ಮನೆಗೆ ತಲುಪಿಸುವುದಿಲ್ಲ, ಸಾಲ ಇಲ್ಲ, ಆದರೆ ರೇಟು ಕಡಿಮೆ. 1923ರಲ್ಲಿ ಷೇರುಪೇಟೆಯವರ ಜೊತೆ ಜಿದ್ದಿಗೆ ಬಿದ್ದು ಕಂಪನಿಯನ್ನೇ ಕಳೆದುಕೊಂಡ. ಗುಲಾಬಿ ಬಣ್ಣದ ಕಲ್ಲಿನಲ್ಲಿ ಕಟ್ಟಿಸುತ್ತಿದ್ದ ಅರಮನೆಯೂ ಹೋಯಿತು. ಈಗ ಅದು ಮ್ಯೂಸಿಯಂ, ಒಳಗೆ ಅವನ ಮೊದಲ ಅಂಗಡಿಯ ಮಾದರಿ ಇಟ್ಟಿದ್ದಾರೆ.

ಬ್ರಿಟನ್ನಿನಲ್ಲಿ ಮೊದಲು ಮಾಡಿದವರು ಸಹಕಾರ ಸಂಘದವರು, 1948ರಲ್ಲಿ.

ಕುಡ್ಲದ_ಭಟ್ರು:
ಮೇಷ್ಟ್ರೇ, ಸಣ್ಣ ತಿದ್ದುಪಡಿ ಮಾರಾಯ್ರೆ. 1942ರಲ್ಲೇ ಲಂಡನ್ ಕೋ-ಆಪರೇಟಿವ್ ಸೊಸೈಟಿ ರಾಮ್‌ಫರ್ಡ್‌ನಲ್ಲಿ ಅಂಗಡಿಯ ಒಂದು ಭಾಗವನ್ನು ಹೀಗೆ ಮಾಡಿತ್ತು. ಯುದ್ಧಕ್ಕೆ ಹೋದ ಹುಡುಗರ ಜಾಗಕ್ಕೆ ಆಳು ಸಿಗುತ್ತಿರಲಿಲ್ಲ. ನೀವು ಹೇಳುವ 1948 ಮೇನರ್ ಪಾರ್ಕ್‌ನದು, ಅದು ಪೂರಾ ಅಂಗಡಿ.

ನಿವೃತ್ತ_ಮೇಷ್ಟ್ರು:
ಒಪ್ಪಿದೆ. ಪೂರಾ ಅಂಗಡಿ ಅನ್ನಬೇಕಿತ್ತು.

ಕುಡ್ಲದ_ಭಟ್ರು:
ಸುಧಕ್ಕ, ತಡ ಯಾಕೆ ಆಯಿತು ಅಂತ ಕೇಳಿದಿರಲ್ಲ. ಮುಖ್ಯ ಕಾರಣ ರೇಷನ್. ಬೇಕನ್, ಬೆಣ್ಣೆ, ಸಕ್ಕರೆಗೆ 1940ರ ಜನವರಿಯಲ್ಲಿ ಶುರುವಾದ ರೇಷನ್ ಪೂರ್ತಿ ಮುಗಿದದ್ದು 1954ರ ಜುಲೈನಲ್ಲಿ. ಯುದ್ಧದ ಸಮಯದಲ್ಲಿ ಬ್ರೆಡ್ಡಿಗೆ ರೇಷನ್ ಇರಲಿಲ್ಲ. ಯುದ್ಧ ಗೆದ್ದ ಮೇಲೆ 1946ರಲ್ಲಿ ಅದಕ್ಕೂ ಬಂತು! ಪ್ರತಿ ಮನೆಯವರೂ ಇಂಥ ಅಂಗಡಿಯಲ್ಲೇ ಅಂತ ಹೆಸರು ಬರೆಸಬೇಕು. ಅಂಗಡಿಯವನು ರೇಷನ್ ಪುಸ್ತಕ ನೋಡಬೇಕು, ಕೂಪನ್ ಕತ್ತರಿಸಬೇಕು, ತೂಗಬೇಕು. ಈ ಕೆಲಸ ಗಿರಾಕಿಯ ಕೈಗೆ ಬಿಡಲು ಆಗುತ್ತದಾ? ನಮ್ಮ ನ್ಯಾಯಬೆಲೆ ಅಂಗಡಿಯನ್ನು ಸೆಲ್ಫ್ ಸರ್ವಿಸ್ ಮಾಡಿದ ಹಾಗೆ ಆಗುತ್ತಿತ್ತು.

ಟೆಸ್ಕೋ ಅನ್ನುವ ಅಂಗಡಿ ಸರಣಿ ಕಟ್ಟಿದ ಜ್ಯಾಕ್ ಕೋಹೆನ್ ಸೇಂಟ್ ಆಲ್ಬನ್ಸ್‌ನ ಅಂಗಡಿಯಲ್ಲಿ ಶುರು ಮಾಡಿ, ಸರಿಹೋಗದೆ ಮತ್ತೆ ಕೌಂಟರಿಗೆ ಮರಳಿ, 1949ರಲ್ಲಿ ಇನ್ನೊಮ್ಮೆ ಶುರು ಮಾಡಿದ. ಅಂಥವನೇ ಹಿಂದೆಮುಂದೆ ನೋಡಿದ.

ಕಿರಾಣಿ_ಕುಮಾರ:
ನಾನು ಗಲ್ಲಾ ಈಚೆ ಕೂತು ಬೆಳೆದವನು. ಅಪ್ಪನದು ಅರಸೀಕೆರೆ ಕಡೆ ಕಿರಾಣಿ ಅಂಗಡಿ. ರೇಷನ್ನೂ ಕಾರಣ ಇರಬಹುದು. ಆದರೆ ನೀವೆಲ್ಲ ಒಂದು ವಿಷಯ ಬಿಟ್ಟಿರಿ. ಪ್ಯಾಕೆಟ್!

ಸಾಮಾನು ಮೂಟೆಯಲ್ಲಿ ಬರುವ ತನಕ ಸೆಲ್ಫ್ ಸರ್ವಿಸ್ ಅನ್ನುವ ಮಾತೇ ಇಲ್ಲ. ಬೇಳೆ ಮೂಟೆಯಿಂದ ತೆಗೆದು, ತೂಗಿ, ಪೇಪರಿನಲ್ಲಿ ಪೊಟ್ಟಣ ಕಟ್ಟಿ, ದಾರ ಸುತ್ತಿ ಕೊಡಬೇಕು. ನಮ್ಮಪ್ಪ ಮಾತಾಡುತ್ತಾ ಒಂದೇ ಕೈಯಲ್ಲಿ ದಾರ ಸುತ್ತಿ ಪಟ್ ಅಂತ ಕಡಿಯುತ್ತಿದ್ದರು. ನನಗೆ ಇವತ್ತಿಗೂ ಅದು ಬಂದಿಲ್ಲ. ಬ್ರಿಟನ್ನಿನಲ್ಲೂ ಅಷ್ಟೇ ಅಲ್ವಾ? ಬೆಣ್ಣೆಯನ್ನು ಮರದ ಹಲಗೆಯಲ್ಲಿ ತಟ್ಟಿ ಅಚ್ಚು ಮಾಡಿ ಕೊಡುವುದು, ಚೀಸನ್ನು ತಂತಿಯಲ್ಲಿ ಕೊಯ್ಯುವುದು, ಸಕ್ಕರೆಯನ್ನು ನೀಲಿ ಕಾಗದದ ಚೀಲಕ್ಕೆ ತುಂಬುವುದು. ಈ ಕೈಕೆಲಸ ಫ್ಯಾಕ್ಟರಿಗೆ ಹೋದ ಮೇಲೆ ತಾನೇ ಅಂಗಡಿಯಲ್ಲಿ ಆಳು ಬೇಡವಾದದ್ದು.

ನಾವು 1998ರಲ್ಲಿ ಅರ್ಧ ಅಂಗಡಿಗೆ ರ‍್ಯಾಕ್ ಹಾಕಿಸಿದೆವು. ಸೋಪು, ಪೇಸ್ಟು, ಬಿಸ್ಕತ್ತು, ಮಸಾಲೆಪುಡಿ ಎಲ್ಲ ಹೊರಗೆ. ಮೊದಲ ವಾರ ಏನಾಯಿತು ಗೊತ್ತಾ? ಜನ ರ‍್ಯಾಕ್ ಪಕ್ಕದಲ್ಲೇ ಹಾದು ಬಂದು, ಗಲ್ಲಾ ಮುಂದೆ ನಿಂತು, ಚೀಟಿ ಕೊಟ್ಟು ಕಾಯುತ್ತಿದ್ದರು. "ಅಲ್ಲೇ ಇದೆ ತಗೊಳ್ಳಿ" ಅಂದರೆ "ಇರಲಿ ಬಿಡಿ, ನೀವೇ ಕೊಡಿ" ಅನ್ನುತ್ತಿದ್ದರು. ಮುಟ್ಟಿದರೆ ಏನನ್ನುತ್ತಾರೋ ಅನ್ನುವ ಅಂಜಿಕೆ. ಒಬ್ಬರು ಹಳೇ ಗಿರಾಕಿ ಬೇಜಾರಾಗಿ ಹದಿನೈದು ದಿನ ಬರಲೇ ಇಲ್ಲ. ಕೇಳಿದರೆ, "ನನ್ನನ್ನು ನೋಡಿದ ತಕ್ಷಣ ಎದ್ದು ಬರ್ತಿದ್ದೆ, ಈಗ ಕೈ ತೋರಿಸ್ತೀಯ" ಅಂದರು. ಸುಧಾ ಅವರ ಪ್ರಶ್ನೆಗೆ ನನ್ನ ಉತ್ತರ ಇದೇ. ಸಿಟ್ಟು ಬುಟ್ಟಿಯ ಮೇಲಲ್ಲ.

ಕಳ್ಳತನವೂ ಆಯಿತು, ಸುಳ್ಳು ಯಾಕೆ ಹೇಳಲಿ. ಸಣ್ಣ ಪೇಸ್ಟುಗಳು ಕರಗಿದವು. ಮೂಲೆಗೆ ಒಂದು ಗುಂಡು ಕನ್ನಡಿ ಹಾಕಿಸಿದೆವು. ಆಮೇಲೆ ಕನ್ನಡಿ ನೋಡಿ ತಲೆ ಬಾಚಿಕೊಳ್ಳುವವರ ಕಾಟ.

ಕಾಫಿಪುಡಿ:
ಕನ್ನಡಿಯಲ್ಲಿ ತಲೆ ಬಾಚಿದ್ದು ನಾನೇ. ಕ್ಷಮೆ ಇರಲಿ.

ನೇರನುಡಿ:
ಎಲ್ಲರೂ ಸುತ್ತಿ ಬಳಸಿ ಹೇಳುತ್ತಿದ್ದೀರಿ. ವಿಷಯ ಸರಳ. ಅಂಗಡಿಯವನು ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು ಗಿರಾಕಿಯಿಂದ ಪುಕ್ಕಟೆ ಮಾಡಿಸಿಕೊಂಡ. ಆ ನ್ಯಾಯಾಧೀಶರ ಹೆಂಡತಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಈಗ ಬಿಲ್ ಮಾಡುವ ಮೆಷಿನ್ನೂ ನಮ್ಮ ಕೈಗೇ ಬಂದಿದೆ. ನಾಳೆ ಗೋಡೌನ್ ಗುಡಿಸಿ ಅಂತಾರೆ.

ಸವಿತಾ_ಹುಬ್ಬಳ್ಳಿ:
ನೇರನುಡಿ ಅವರೇ, ನೀವು ಗಂಡಸರು ಅಂತ ಕಾಣುತ್ತದೆ. ಕೌಂಟರ್ ಅಂಗಡಿಯ ಸುಖ ಎಲ್ಲರಿಗೂ ಒಂದೇ ಥರ ಇರಲಿಲ್ಲ ರೀ. ನಮ್ಮ ಓಣಿಯ ಅಂಗಡಿಯಲ್ಲಿ ನಾನು ಹತ್ತು ನಿಮಿಷ ನಿಂತಿದ್ದರೂ ಹಿಂದಿನಿಂದ ಬಂದ ಗಂಡಸಿಗೆ ಮೊದಲು ಕೊಡುತ್ತಿದ್ದರು. ಉದ್ರಿ ಬಾಕಿ ಇದ್ದರಂತೂ ನಾಲ್ಕು ಜನರ ಮುಂದೆ ಪುಸ್ತಕ ತೆಗೆಯುತ್ತಿದ್ದರು. ಹೆಣ್ಣುಮಕ್ಕಳು ಪ್ಯಾಡ್ ಕೇಳಬೇಕಾದರೆ ಅಂಗಡಿ ಖಾಲಿ ಆಗುವ ತನಕ ಕಾಯುವುದು, ಅವರು ಅದನ್ನು ಪೇಪರಿನಲ್ಲಿ ಸುತ್ತಿ ಯಾವುದೋ ಗುಟ್ಟಿನ ಸಾಮಾನಿನ ಹಾಗೆ ಕೊಡುವುದು. ಮೊದಲ ಸಲ ರ‍್ಯಾಕಿನಿಂದ ನಾನೇ ತಗೊಂಡಾಗ ಆದ ಸಮಾಧಾನ ಹೇಳೋಕಾಗಲ್ಲ.

ಲಂಡನ್ನಿನಲ್ಲೂ ಬಡವರ ಮನೆ ಹೆಂಗಸಿಗೆ ಹಾಗೇ ಇದ್ದಿರಬೇಕು. ರೇಟು ಕೇಳಿ, ಆಮೇಲೆ "ಬೇಡ" ಅನ್ನುವುದಕ್ಕೆ ಎಷ್ಟು ಧೈರ್ಯ ಬೇಕು! ಕಪಾಟಿನ ಮುಂದೆ ನಿಂತರೆ ರೇಟು ಓದಿ ಸುಮ್ನೆ ಮುಂದೆ ಹೋಗಬಹುದು. ಸಿಟ್ಟು ಬಂದದ್ದು ನ್ಯಾಯಾಧೀಶರ ಹೆಂಡತಿಗೆ ಅನ್ನುವುದನ್ನು ಗಮನಿಸಿ. ಅವರಿಗೆ ಎದ್ದು ನಿಂತು ಕೊಡುತ್ತಿದ್ದರು, ಅದು ಹೋಯಿತು.

ನೇರನುಡಿ:
ಗಂಡಸೇ, ಸರಿ. ಉದ್ರಿ ಪುಸ್ತಕದ ಮಾತೂ ಒಪ್ಪುತ್ತೇನೆ. ಆದರೆ ಸೆಲ್ಫ್ ಸರ್ವಿಸ್ ಬಂದಾಗ ಉದ್ರಿಯೇ ಹೋಯಿತಲ್ಲ. ತಿಂಗಳ ಕೊನೆಗೆ ಕೈಯಲ್ಲಿ ಕಾಸಿಲ್ಲದ ಮನೆಗೆ ಯಾವ ಸೂಪರ್ ಮಾರ್ಕೆಟ್ ಅಕ್ಕಿ ಕೊಡುತ್ತದೆ?

ಸವಿತಾ_ಹುಬ್ಬಳ್ಳಿ:
ಅದು ಖರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ದರ್ಜಿ_ದಾವಣಗೆರೆ:
ಸುಧಾ ಅವರ ಮೂರನೇ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. ಬಟ್ಟೆ ಅಂಗಡಿ! ನಾನು ಗಾರ್ಮೆಂಟ್ಸ್‌ನಲ್ಲಿ 22 ವರ್ಷ ಕೆಲಸ ಮಾಡಿದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ಸಾಮಾನು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಕೈಗವಸು, ಕಾಲುಚೀಲ, ರಿಬ್ಬನ್ ಎಲ್ಲ ಕೌಂಟರಿನ ಹಿಂದೆ ಡ್ರಾಯರಿನಲ್ಲಿ. ಗಿರಾಕಿಗೆ ಕೌಂಟರ್ ಮುಂದೆ ಕುರ್ಚಿ. ಬಾಗಿಲಲ್ಲಿ ಕೋಟು ಹಾಕಿದ ಮೇಲ್ವಿಚಾರಕ ನಿಂತು, ನಿಮಗೇನು ಬೇಕು ಅಂತ ಕೇಳಿ, ಸರಿಯಾದ ಕೌಂಟರಿಗೆ ಕರೆದುಕೊಂಡು ಹೋಗುತ್ತಿದ್ದ. ದುಡ್ಡು ಕೊಟ್ಟರೆ ಅದು ಒಂದು ಡಬ್ಬಿಯೊಳಗೆ ಸೇರಿ, ಗಾಳಿಯ ಕೊಳವೆಯಲ್ಲೋ ತಂತಿಯ ಮೇಲೋ ಸುಂಯ್ ಅಂತ ಕ್ಯಾಶಿಯರ್ ಹತ್ತಿರ ಹೋಗಿ ಚಿಲ್ಲರೆ ಸಮೇತ ವಾಪಸ್ ಬರುತ್ತಿತ್ತು. ಸೇಲ್ಸ್ ಹುಡುಗಿ ದುಡ್ಡು ಮುಟ್ಟುವ ಹಾಗೇ ಇಲ್ಲ.

ಸುಮ್ನೆ ನೋಡಲು ಬಂದೆ ಅಂದರೆ ಆಚೆ ಕಳಿಸುತ್ತಿದ್ದರು. ಅಮೆರಿಕದಿಂದ ಬಂದಿದ್ದ ಹ್ಯಾರಿ ಗಾರ್ಡನ್ ಸೆಲ್ಫ್‌ರಿಡ್ಜ್‌ಗೆ ಲಂಡನ್ನಿನ ಅಂಗಡಿಯೊಂದರಲ್ಲಿ ಇದೇ ಅನುಭವ ಆಯಿತು ಅಂತ ಕತೆ ಇದೆ. 1909ರಲ್ಲಿ ಅವನು ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ತನ್ನದೇ ಮಳಿಗೆ ತೆರೆದು, ಸಾಮಾನನ್ನು ಮೇಜಿನ ಮೇಲೆ ಹರಡಿ, ಬನ್ನಿ, ಮುಟ್ಟಿ, ನೋಡಿ ಅಂದ. ಆದರೂ ಅದು ಸೆಲ್ಫ್ ಸರ್ವಿಸ್ ಅಲ್ಲ. ಮುಟ್ಟಬಹುದು, ಆಮೇಲೆ ಹುಡುಗಿಯೇ ಬಂದು ಬಿಲ್ ಬರೆಯಬೇಕು.

ಬಟ್ಟೆಯಲ್ಲಿ ನಿಜವಾದ ತೊಡಕು ಅಳತೆ. ಬೇಳೆಗೆ ತೂಕ ಇದೆ, ಮೈಗೆ ಏನಿದೆ? ಕೌಂಟರಿನ ಹುಡುಗಿ ಗಿರಾಕಿಯನ್ನು ಒಮ್ಮೆ ನೋಡಿ "ನಿಮಗೆ ಇದು" ಅಂತ ತೆಗೆಯುತ್ತಿದ್ದಳು. ಅವಳನ್ನು ತೆಗೆದರೆ ಆ ವಿದ್ಯೆ ಲೇಬಲ್ ಮೇಲೆ ಬರಬೇಕು. ಅಮೆರಿಕದಲ್ಲಿ 1939-40ರಲ್ಲಿ ಸುಮಾರು 15,000 ಹೆಂಗಸರ ಅಳತೆ ತೆಗೆಸಿದರು. ಮಾಡಿಸಿದ್ದು ಯಾರು ಗೊತ್ತಾ? ಕೃಷಿ ಇಲಾಖೆ! ಅದರ ಆಧಾರದ ಮೇಲೆ 1958ರಲ್ಲಿ ಹೆಂಗಸರ ಬಟ್ಟೆಗೆ ಅಳತೆಯ ಮಾನದಂಡ ಬಂತು. ಬ್ರಿಟನ್ನಿನಲ್ಲೂ 1950ರ ದಶಕದಲ್ಲಿ ಇಂಥದ್ದೇ ಸರ್ವೆ ಆಯಿತು. ಅಲ್ಲಿ ಬಟ್ಟೆಗೂ 1941ರಿಂದ 1949ರ ತನಕ ಕೂಪನ್ ಬೇಕಿತ್ತು, ಅದನ್ನು ಮರೆಯಬೇಡಿ.

ಹಾಗಾಗಿ ಬಟ್ಟೆಯಲ್ಲಿ ಬದಲಾವಣೆ ಒಂದೇ ಏಟಿಗೆ ಬರಲಿಲ್ಲ. ಮೊದಲು ಕಾಲುಚೀಲ, ಬನಿಯನ್, ಶರ್ಟು ಹೊರಗೆ ಬಂದವು, ಕೋಟು ಕೊನೆಗೆ. ಆಯ್ಕೆ ನಿಮ್ಮದು, ಸಂದೇಹ ಇದ್ದರೆ ಕೇಳಲು ಒಬ್ಬರು ಇರುತ್ತಾರೆ, ದುಡ್ಡು ಮಾತ್ರ ಒಂದೇ ಕಡೆ. ಎಲ್ಲ ಥರದ ಸಾಮಾನು ಮಾರುವ ವುಲ್‌ವರ್ತ್ ಸರಣಿಯವರು ಬ್ರಿಟನ್ನಿನಲ್ಲಿ ಮೊದಲ ಸೆಲ್ಫ್ ಸರ್ವಿಸ್ ಮಳಿಗೆ ಮಾಡಿದ್ದು 1955ರಲ್ಲಿ, ಕೋಬಮ್ ಅನ್ನುವ ಊರಿನಲ್ಲಿ. ಅಮೆರಿಕದಲ್ಲಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ಮೀನಮೇಷ ಎಣಿಸುವಾಗ ರೋಡ್ ಐಲೆಂಡ್‌ನಲ್ಲಿ ಒಂದು ಹಳೇ ಬಟ್ಟೆ ಗಿರಣಿಯೊಳಗೇ ಆನ್ ಅಂಡ್ ಹೋಪ್ ಅಂತ ಅಂಗಡಿ ಶುರುವಾಯಿತು, 1953ರಲ್ಲಿ. ಸಾಲು ಸಾಲು ಹ್ಯಾಂಗರ್, ಕೊನೆಗೆ ಗಲ್ಲಾ. 1962ರಲ್ಲಿ ವಾಲ್‌ಮಾರ್ಟ್, ಕೆಮಾರ್ಟ್, ಟಾರ್ಗೆಟ್ ಮೂರೂ ಹುಟ್ಟಿದವು, ಒಂದೇ ವರ್ಷ. ಡಿಪಾರ್ಟ್‌ಮೆಂಟ್ ಸ್ಟೋರ್‌ಗೆ ಸೆಲ್ಫ್ ಸರ್ವಿಸ್ ಬಂತು ಅನ್ನುವುದಕ್ಕಿಂತ, ಸೆಲ್ಫ್ ಸರ್ವಿಸ್ ಅವರ ವ್ಯಾಪಾರವನ್ನು ಪಕ್ಕದಿಂದ ತಿಂದಿತು ಅಂದರೆ ಸರಿ.

ಸುಧಾ_ಲಂಡನ್:
ಕೃಷಿ ಇಲಾಖೆ! ನಗು ತಡೆಯೋಕಾಗಲಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ಕಾಫಿಪುಡಿ:
ಗೋಧಿಗೆ ಎಕರೆ, ಗೌನಿಗೆ ಇಂಚು. ಎರಡೂ ಇಳುವರಿಯೇ.

ಸವಿತಾ_ಹುಬ್ಬಳ್ಳಿ:
ಆದರೆ ಸೀರೆ ಅಂಗಡಿ ನೋಡಿ! ಅಲ್ಲಿ ಇವತ್ತಿಗೂ ಕೌಂಟರ್ ಸರ್ವಿಸ್ಸೇ ಗೆದ್ದಿದೆ. ಗಾದಿ ಮೇಲೆ ಕೂತು, "ಆ ಮೇಲಿನ ಸಾಲಿನ ಹಸಿರು ತೆಗೀರಿ, ಇನ್ನೂ ತೆಳು ಬಾರ್ಡರ್ ಇಲ್ಲೇನು" ಅನ್ನುವ ಸುಖವನ್ನು ಯಾವ ಹ್ಯಾಂಗರ್ ಕೊಡುತ್ತದೆ? ನಲವತ್ತು ಸೀರೆ ಬಿಚ್ಚಿಸಿ "ಮತ್ತ ಬರ್ತೀವಿ" ಅಂತ ಎದ್ದು ಬರುವುದಕ್ಕೂ ಒಂದು ಗಟ್ಟಿತನ ಬೇಕು.

ನೇರನುಡಿ:
ಈಗ ನೋಡಿ, ಸೇವೆ ಮಾಡಿಸಿಕೊಳ್ಳುವ ಸುಖ ನಿಮಗೂ ಗೊತ್ತು!

ಸವಿತಾ_ಹುಬ್ಬಳ್ಳಿ:
ಸೀರೆ ವಿಷಯಕ್ಕೆ ಬರಬೇಡಿ ರೀ.

ದರ್ಜಿ_ದಾವಣಗೆರೆ:
ಸೀರೆಗೆ ಸೈಜ್ ಇಲ್ಲವಲ್ಲ. ಅಳತೆಯ ತೊಡಕು ಇರಲಿಲ್ಲ, ಆದ್ದರಿಂದ ಮೊದಲು ಸೆಲ್ಫ್ ಸರ್ವಿಸ್ ಆಗಬೇಕಿದ್ದದ್ದೇ ಸೀರೆ. ಆಗಲಿಲ್ಲ. ಮಡಿಸಿಟ್ಟರೆ ಸೆರಗು ಕಾಣುವುದಿಲ್ಲ, ಬಿಚ್ಚಿದರೆ ಮಡಿಸುವವರು ಬೇಕು. ನನ್ನ ವಾದ ನನಗೇ ತಿರುಗಿತು, ಯೋಚಿಸುತ್ತೇನೆ.

ಕುಡ್ಲದ_ಭಟ್ರು:
ಕೌಂಟರ್ ಬೇಕು ಅನ್ನುವವರು ಮಾಸ್ಕೋದ ಗುಮ್ ಕತೆ ಕೇಳಿ. 1953ರ ಕೊನೆಗೆ ಮತ್ತೆ ತೆರೆದ ಭಾರೀ ಮಳಿಗೆ. ಸೋವಿಯತ್ ಅಂಗಡಿಗಳ ಪದ್ಧತಿ ಏನೆಂದರೆ, ಒಂದು ಸಾಲಿನಲ್ಲಿ ನಿಂತು ಸಾಮಾನು ನೋಡಿ ರೇಟು ತಿಳಿಯಬೇಕು. ಇನ್ನೊಂದು ಸಾಲಿನಲ್ಲಿ ದುಡ್ಡು ಕಟ್ಟಿ ಚೀಟಿ ತರಬೇಕು. ಮತ್ತೆ ಮೊದಲಿನ ಕಡೆ ಸಾಲು ನಿಂತು ಚೀಟಿ ಕೊಟ್ಟು ಸಾಮಾನು ಪಡೆಯಬೇಕು. ಲಂಡನ್ನಿನ ಫಾಯ್ಲ್ಸ್ ಪುಸ್ತಕದಂಗಡಿಯಲ್ಲೂ ದಶಕಗಟ್ಟಲೆ ಇದೇ ಮೂರು ಸಾಲು. ಸಮಾಜವಾದಕ್ಕೂ ಬಂಡವಾಳಶಾಹಿಗೂ ಒಂದೇ ಕ್ಯೂ ಮಾರಾಯ್ರೆ.

ಕಿರಾಣಿ_ಕುಮಾರ:
ಮಾಸ್ಕೋ ತನಕ ಯಾಕೆ? ನಾನು ಒಂದು ಸರಕಾರಿ ಮಳಿಗೆಯಲ್ಲಿ ಟವೆಲ್ ತಗೊಂಡೆ. ಬಿಲ್ ಬರೆದವರು ಒಬ್ಬರು, ದುಡ್ಡು ತಗೊಂಡವರು ಇನ್ನೊಬ್ಬರು, ಸೀಲ್ ಹಾಕಿದವರು ಮತ್ತೊಬ್ಬರು. ಟವೆಲ್ ಕೊಡುವವರು ಊಟಕ್ಕೆ ಹೋಗಿದ್ದರು.

ನಿವೃತ್ತ_ಮೇಷ್ಟ್ರು:
ನಮ್ಮ ದೇಶದಲ್ಲಿ 1966ರಲ್ಲಿ ರೂಪಾಯಿ ಅಪಮೌಲ್ಯ ಆದ ಬೆನ್ನಿಗೇ ದೆಹಲಿಯ ಕನಾಟ್ ಪ್ಲೇಸ್‌ನಲ್ಲಿ ಸೂಪರ್ ಬಜಾರ್ ಬಂತು. ಅದೂ ಸಹಕಾರಿ. ನಮ್ಮ ಜನತಾ ಬಜಾರ್‌ಗಳೂ ಸಹಕಾರಿಯೇ. ಅಲ್ಲೆಲ್ಲ ಉದ್ದೇಶ ಬೆಲೆ ಹಿಡಿತದಲ್ಲಿಡುವುದು, ಬುಟ್ಟಿ ಹಿಡಿಸುವುದಲ್ಲ.

ಕಾಫಿಪುಡಿ:
ವಿಷಯಾಂತರ ಅಂತ ಬೈಯಬೇಡಿ. ಬೆಂಗಳೂರಿನವರಿಗೆ ಸೆಲ್ಫ್ ಸರ್ವಿಸ್ ಅಂದರೆ ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಟೋಕನ್ ತಗೊಳ್ಳಿ, ನೀವೇ ತಟ್ಟೆ ಹಿಡಿಯಿರಿ, ನಿಂತು ತಿನ್ನಿ. ಯಾರೂ ತಟ್ಟೆ ಎಸೆಯಲಿಲ್ಲ. ಯಾಕೆಂದರೆ ಇಡ್ಲಿ ಅಗ್ಗ ಆಯಿತು. ಬ್ರಿಟನ್ನಿನವರಿಗೆ ಬುಟ್ಟಿ ಹಿಡಿದದ್ದಕ್ಕೆ ಏನು ಸಿಕ್ಕಿತು?

ಕುಡ್ಲದ_ಭಟ್ರು:
ಭಾರೀ ಒಳ್ಳೆ ಪ್ರಶ್ನೆ. ಮೊದಮೊದಲು ಹೆಚ್ಚೇನೂ ಸಿಗಲಿಲ್ಲ! ಅಲ್ಲಿ ತಯಾರಕರೇ ಎಷ್ಟೋ ಸಾಮಾನಿಗೆ ಬೆಲೆ ಕಟ್ಟುತ್ತಿದ್ದರು. ಅದಕ್ಕಿಂತ ಕಡಿಮೆಗೆ ಮಾರಿದರೆ ಸರಬರಾಜೇ ನಿಲ್ಲಿಸಬಹುದಿತ್ತು. ಅಂಗಡಿಯವನಿಗೆ ಆಳಿನ ಖರ್ಚು ಉಳಿದರೂ ಅದನ್ನು ಗಿರಾಕಿಗೆ ಬಿಡಲು ದಾರಿ ಇರಲಿಲ್ಲ. ಅದಕ್ಕೇ ಹಿಂಬಾಗಿಲಿನ ಉಪಾಯ, ಗ್ರೀನ್ ಶೀಲ್ಡ್ ಸ್ಟಾಂಪು. ಸಾಮಾನಿನ ಜೊತೆ ಅಂಟುಚೀಟಿ ಕೊಡುವುದು, ಪುಸ್ತಕಕ್ಕೆ ಅಂಟಿಸಿ ತಂದರೆ ಕೆಟಲ್ಲೋ ಕಂಬಳಿಯೋ ಬಹುಮಾನ. ಟೆಸ್ಕೋ 1963ರಲ್ಲಿ ಅದನ್ನು ಶುರು ಮಾಡಿತು. ಮರುವರ್ಷ ಆಗಿನ ವಾಣಿಜ್ಯ ಮಂತ್ರಿ ಎಡ್ವರ್ಡ್ ಹೀತ್ ಹಟ ಹಿಡಿದು ಕಾನೂನು ತಂದ ಮೇಲೆ ಆ ಬೆಲೆಕಟ್ಟು ಸಡಿಲವಾಯಿತು. ಆಮೇಲೆ ಸೂಪರ್ ಮಾರ್ಕೆಟ್ಟುಗಳನ್ನು ಹಿಡಿಯುವವರೇ ಇಲ್ಲ.

ನೇರನುಡಿ:
ಅಂದರೆ ಹತ್ತು ಹದಿನೈದು ವರ್ಷ ಪುಕ್ಕಟೆ ಕೆಲಸ. ನಾನು ಹೇಳಿದ್ದೂ ಅದೇ.

ಕಿರಾಣಿ_ಕುಮಾರ:
ಪುಕ್ಕಟೆ ಅಲ್ಲ ಸಾರ್, ಸಮಯ ಉಳಿಯಿತು. ಒಂದು ಕೌಂಟರಿನಲ್ಲಿ ಬೆಣ್ಣೆಗೆ ಸಾಲು, ಇನ್ನೊಂದರಲ್ಲಿ ಮಾಂಸಕ್ಕೆ ಸಾಲು. ಅದು ಹೋಯಿತಲ್ಲ.

ನಿವೃತ್ತ_ಮೇಷ್ಟ್ರು:
ಬುಟ್ಟಿಗೇ ಇಷ್ಟು ರಗಳೆ, ಇನ್ನು ಟ್ರಾಲಿಯದು ಕೇಳಿ. 1937ರಲ್ಲಿ ಒಕ್ಲಹೋಮದ ಅಂಗಡಿ ಮಾಲೀಕ ಸಿಲ್ವನ್ ಗೋಲ್ಡ್‌ಮನ್ ಮಡಿಸುವ ಕುರ್ಚಿ ನೋಡಿ, ಅದಕ್ಕೆ ಬುಟ್ಟಿ ಮತ್ತು ಚಕ್ರ ಸೇರಿಸಿ ಗಾಡಿ ಮಾಡಿಸಿದ. ಯಾರೂ ಮುಟ್ಟಲಿಲ್ಲ. ಹೆಂಗಸರು, ಮಕ್ಕಳ ಗಾಡಿ ತಳ್ಳಿ ತಳ್ಳಿ ಸಾಕಾಗಿದೆ ಅಂದರು. ಗಂಡಸರು, ನಮಗೆ ಬುಟ್ಟಿ ಹೊರುವ ಶಕ್ತಿ ಇಲ್ಲವಾ ಅಂದರು. ಕೊನೆಗೆ ಕೂಲಿ ಕೊಟ್ಟು ಜನರನ್ನು ಕರೆಸಿ, ಗಿರಾಕಿಗಳ ಹಾಗೆ ಗಾಡಿ ತಳ್ಳಿಸಿದ. ಅದನ್ನು ನೋಡಿ ಉಳಿದವರು ಹಿಡಿದರು.

ಕಾಫಿಪುಡಿ:
ನಮ್ಮ ಊರ ಹೊಸ ಹೋಟೆಲಿನವರೂ ಮೊದಲ ವಾರ ನೆಂಟರನ್ನೇ ಕೂರಿಸಿದ್ದರು.

ಸುಧಾ_ಲಂಡನ್:
ಎಲ್ಲರಿಗೂ ವಂದನೆ. ಇವತ್ತು ಮತ್ತೆ ಅಜ್ಜಿಯ ಮನೆಗೆ ಹೋಗಿ ನಿಮ್ಮ ಮಾತೆಲ್ಲ ಹೇಳಿದೆ. ಪೊಟ್ಟಣದ ಮಾತಿಗೆ ಜೋರಾಗಿ ತಲೆಯಾಡಿಸಿದರು. ಚೀಸ್ ಕೊಯ್ದುಕೊಡುವವನ ಬೆರಳು ನೆನಪಿದೆಯಂತೆ, ಅವನ ಹೆಸರು ಮರೆತಿದೆಯಂತೆ. ಆಮೇಲೆ ನಾನು ಕೇಳಿದೆ, ಅಮ್ಮ ಕೊನೆಗೂ ಆ ಅಂಗಡಿಗೆ ಹೋದರಾ ಅಂತ. ಅವರು ಸಾಯುವ ತನಕ ಬುಟ್ಟಿ ಮುಟ್ಟಲಿಲ್ಲವಂತೆ. ಆದರೆ ಸಾಮಾನೆಲ್ಲ ಆ ಅಂಗಡಿಯಿಂದಲೇ ಬರುತ್ತಿತ್ತು. ಶನಿವಾರ ಬೆಳಿಗ್ಗೆ ಚೀಟಿ ಬರೆದು ಮಗಳ ಕೈಗೆ ಕೊಟ್ಟು ಕಳಿಸುತ್ತಿದ್ದರು.

ನೇರನುಡಿ:
ನೋಡಿ! ಕೆಲಸ ಎಲ್ಲೂ ಮಾಯ ಆಗಲ್ಲ. ಸಣ್ಣವರ ತಲೆಗೆ ಬರುತ್ತದೆ.

ಕಾಫಿಪುಡಿ:
ಅಜ್ಜಿಗೆ ಸಂಬಳ ಎಷ್ಟಿತ್ತು ಅಂತ ಕೇಳಿದಿರಾ?

ಸುಧಾ_ಲಂಡನ್:
ಕೇಳಿದೆ. ಉಳಿದ ಚಿಲ್ಲರೆಗೆ ಮಿಠಾಯಿ. ಮೊದಲು ಕೂಪನ್ ಇದ್ದ ವಾರ ಮಾತ್ರ. 1953ರ ಫೆಬ್ರವರಿಯಲ್ಲಿ ಮಿಠಾಯಿಯ ರೇಷನ್ ಹೋದ ಮೇಲೆ ಪ್ರತಿ ಶನಿವಾರ.